ಜಾಲರಿ ಕಿತ್ತೆಸೆದ ಮೇಲೆ ಸರಿಹೋದ ಕಿಟ್

ಬಟ್ಟೆ ಒಗೆದ ನೀರನ್ನು ಗಿಡಗಳಿಗೆ ಹರಿಸುವ ಈ ಕಿಟ್‌ಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಆ ಮೂರೂ ಅದರ ಹಿತ್ತಾಳೆಯ ವಾಲ್ವ್‌ಗೇ ಸಲ್ಲಬೇಕು. ಹಿಡಿಯನ್ನು ಒಂದು ಕಡೆ ತಿರುಗಿಸಿದರೆ ನೀರು ಚರಂಡಿಗೆ, ಇನ್ನೊಂದು ಕಡೆ ತಿರುಗಿಸಿದರೆ ತೋಟಕ್ಕೆ. ಎಲ್ಲೂ ಸೋರುವುದಿಲ್ಲ, ಬಿಗಿಯಾಗುವುದಿಲ್ಲ. ಬೇರೆ ಪಂಪ್ ಕೂಡ ಬೇಡ, ವಾಷಿಂಗ್ ಮಷೀನಿನ ಪಂಪೇ ನೀರನ್ನು 1 ಇಂಚಿನ ಪೈಪಿಗೆ ತಳ್ಳುತ್ತದೆ.

ತೊಂದರೆ ಇರುವುದು ತೋಟದ ಪೈಪಿಗೆ ಹಾಕಿದ, ನೂಲೆಳೆ ತಡೆಯುವ ಫಿಲ್ಟರಿನ ಜಾಲರಿಯಲ್ಲಿ. ಹಾಕಿಸಿ ಕೆಲವೇ ವಾರಗಳಾಗಿತ್ತು. ಮಷೀನು ನೀರು ಹೊರಹಾಕಲಾರದೆ ನಡುವೆಯೇ ನಿಂತು ದೋಷದ ಸಂಕೇತ ತೋರಿಸತೊಡಗಿತು. ಬಟ್ಟೆಯೆಲ್ಲ ಕೊಳಕು ನೀರಿನಲ್ಲೇ ಮುಳುಗಿತ್ತು. ವಾಲ್ವನ್ನು ಚರಂಡಿಯ ಕಡೆಗೆ ತಿರುಗಿಸಿದೆ, ನೀರು ಸರಾಗವಾಗಿ ಖಾಲಿಯಾಯಿತು. ಅಲ್ಲಿಗೆ ಪಂಪ್ ಕೆಟ್ಟಿಲ್ಲ, ಅಡಚಣೆ ತೋಟದ ಕಡೆಗಿದೆ ಎಂದಾಯಿತು. ಫಿಲ್ಟರಿನ ಮುಚ್ಚಳ ಬಿಚ್ಚಿದರೆ ಬೂದು ಬಣ್ಣದ ನೂಲೆಳೆಗಳು ಒದ್ದೆ ಕಂಬಳಿಯ ಹಾಗೆ ಜಾಲರಿಗೆ ಮೆತ್ತಿಕೊಂಡಿದ್ದವು, ಬೆರಳಿಟ್ಟರೆ ಲೋಳೆ. ನಾತವಂತೂ ಕೇಳಬೇಡಿ.

ಕಂಪನಿಯವರನ್ನು ಕೇಳಿದರೆ “ವಾರಕ್ಕೊಮ್ಮೆ ತೊಳೆಯಿರಿ” ಎಂದರು. ನೀರು ಉಳಿಸಲು ಕೊಂಡ ವಸ್ತುವನ್ನು ತೊಳೆಯಲು ಎಷ್ಟು ನೀರು ಬೇಕೆಂದು ಅವರು ಲೆಕ್ಕ ಹಾಕಿದಂತಿಲ್ಲ. ಜಾಲರಿಯನ್ನು ತೆಗೆದು ನೇರವಾಗಿ ಪೈಪ್ ಜೋಡಿಸಿದೆ. ಜೊತೆಗೆ ಕೊಟ್ಟಿದ್ದ ಸೂಜಿಮೊನೆಯಷ್ಟು ರಂಧ್ರದ ಹನಿ ನಳಿಕೆಗಳನ್ನೂ ಕಿತ್ತು, ಅರ್ಧ ಇಂಚಿನ ಬಾಯಿಗಳನ್ನು ಬಿಟ್ಟೆ. ಈಗ ನೂಲೆಳೆ ಸಮೇತ ನೀರು ಪಾತಿಯಲ್ಲಿ ಹರಡಿದ ಮರದ ಚಕ್ಕೆಗಳ ಮೇಲೆ ಬೀಳುತ್ತದೆ. ಹತ್ತಿಯ ಎಳೆ ಅಲ್ಲೇ ಕೊಳೆಯುತ್ತದೆ. ಪಾಲಿಯೆಸ್ಟರ್ ಕೊಳೆಯುವುದಿಲ್ಲ, ಹಾಗಾಗಿ ಆಗಾಗ ಮೇಲಿನ ಪದರವನ್ನು ಬಾಚಿ ತೆಗೆಯಬೇಕು. ಪೈಪಿನ ಬಾಯಿ ಚಕ್ಕೆಗಳಿಗಿಂತ ತುಸು ಮೇಲಿರಲಿ. ಹೂತುಹೋದರೆ ಬೇರು ಒಳನುಗ್ಗುತ್ತದೆ.

ಕೈಪಿಡಿಯ ಇನ್ನೊಂದು ಪ್ರತಾಪ: ಗಾಳಿ ಒಳಬಿಡುವ ಪುಟ್ಟ ವಾಲ್ವನ್ನು “ಅನುಕೂಲವಾದ ಕಡೆ” ಜೋಡಿಸಿ ಎನ್ನುತ್ತದೆ. ಅನುಕೂಲದ ಮಾತೇ ಇಲ್ಲ. ಅದು ಮಷೀನಿಗಿಂತ ಮೇಲೆ, ಪೈಪಿನ ಅತಿ ಎತ್ತರದ ಜಾಗದಲ್ಲೇ ಇರಬೇಕು. ಇಲ್ಲದಿದ್ದರೆ ತಗ್ಗಿನಲ್ಲಿರುವ ತೋಟ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಮಷೀನು ತುಂಬಿಸಿಕೊಳ್ಳುತ್ತಲೇ ಇರುತ್ತದೆ. ನೀರು ತುಂಬುವ ಹೊತ್ತಿನಲ್ಲಿ ಗಿಡದ ಬಳಿ ಹೋಗಿ ನೋಡಿ, ಆಗ ಪೈಪಿನಿಂದ ನೀರು ಬರುತ್ತಿದ್ದರೆ ಇದೇ ಕಾರಣ.

ಬೋರಾಕ್ಸ್ ಇರುವ ಸಾಬೂನು ಪುಡಿ, ಬ್ಲೀಚ್, ಮಗುವಿನ ಮಲ ಅಂಟಿದ ಬಟ್ಟೆ, ಇವುಗಳ ನೀರು ಚರಂಡಿಗೇ ಹೋಗಲಿ. ಹಿತ್ತಾಳೆಯ ವಾಲ್ವ್ ಇರುವುದೇ ಅದಕ್ಕೆ. ಅದರ ಮೇಲಿನ ಬಾಣದ ಗುರುತಿನ ಚೀಟಿ ಮಾತ್ರ ಬೇಗ ಕಿತ್ತುಬರುತ್ತದೆ, ಮೊದಲೇ ಬಣ್ಣದಲ್ಲಿ ಗುರುತು ಹಾಕಿಕೊಳ್ಳಿ.

ಇದರ ಜೊತೆಗೆ ನೀರು ಕೂಡಿಡುವ ಡ್ರಮ್ಮೊಂದನ್ನೂ ಮಾರುತ್ತಾರೆ. ಕೊಳ್ಳಬೇಡಿ. ಈ ನೀರನ್ನು 24 ಗಂಟೆಗಿಂತ ಹೆಚ್ಚು ಹೊತ್ತು ಇಟ್ಟರೆ ಹುಳಿತು ನಾರುತ್ತದೆ.