ವೈಫೈ ಪಾಸ್‌ವರ್ಡ್ ಬದಲಾಯಿಸಿದೆ ಅಂತ 300 ರೂಪಾಯಿ ತಗೊಂಡ, ಆದರೆ ಏನೂ ಬದಲಾಯಿಸಿರಲಿಲ್ಲ. ದಯವಿಟ್ಟು ಹುಷಾರು

ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ, ಅಷ್ಟು ಸಿಟ್ಟು ಬಂದಿದೆ. ಏರಿಯಾದ ಕೇಬಲ್‌ನವರ ಹತ್ತಿರ ಫೈಬರ್ ಇಂಟರ್ನೆಟ್ ಹಾಕಿಸಿಕೊಂಡವರು ಎಲ್ಲರೂ ಓದಿ. ವೈಫೈ ಪಾಸ್‌ವರ್ಡ್ ತೆಗೆಯೋಕೆ, ಬದಲಾಯಿಸೋಕೆ ಅಂತ ಮನೆಗೆ ಬರುವ ಹುಡುಗನ ಕೈಗೆ ನಿಮ್ಮ ಫೋನ್ ಕೊಡಬೇಡಿ.

ನಾವಿರೋದು ಮೈಸೂರಿನಲ್ಲಿ, ಬಾಡಿಗೆ ಮನೆ. ಕೆಳಗಿನ ಮಹಡಿ ನಮ್ಮದು. ಕಂಪನಿ ದೊಡ್ಡದೇ, ಆದರೆ ನಮ್ಮ ಏರಿಯಾಗೆ ಒಬ್ಬ ಏಜೆಂಟ್ ಇದ್ದಾನೆ, ಅವನ ಕೈ ಕೆಳಗೆ ಒಬ್ಬ ಲೈನ್ ಹುಡುಗ. ಇದು ಎಲ್ಲ ಕಡೆ ಹೀಗೇ ಅಲ್ವಾ? ದುಡ್ಡು ಕಂಪನಿಗೆ ಕಟ್ಟಿದರೂ ಕೆಲಸಕ್ಕೆಲ್ಲ ಇವರನ್ನೇ ಕೇಳಬೇಕು. ಕನೆಕ್ಷನ್ ಕೊಟ್ಟ ದಿನ ಆ ಹುಡುಗನೇ ಎಲ್ಲ ಸೆಟ್ ಮಾಡಿದ. ವೈಫೈಗೆ ನಮ್ಮ ಮನೆಯವರ ಹೆಸರು ಇಟ್ಟ, ಪಾಸ್‌ವರ್ಡ್‌ಗೆ ನನ್ನ ಮೊಬೈಲ್ ನಂಬರ್ ಹಾಕಿದ. ನಮ್ಮ ಬೀದಿಯಲ್ಲಿ ಎಲ್ಲರಿಗೂ ಹೀಗೇ ಹಾಕಿದ್ದಾನಂತೆ. ಮೊಬೈಲ್ ನಂಬರ್ ಯಾರಿಗೆ ಗೊತ್ತಿರಲ್ಲ ಹೇಳಿ, ಹಾಲಿನವರಿಗೆ ಗೊತ್ತು, ಗ್ಯಾಸಿನವರಿಗೆ ಗೊತ್ತು.

ನಾನು ಸಂಜೆ ಹೊತ್ತು ಮಕ್ಕಳಿಗೆ ಆನ್‌ಲೈನ್ ಟ್ಯೂಷನ್ ಮಾಡ್ತೀನಿ. 100 ಎಂಬಿಪಿಎಸ್ ಪ್ಲಾನ್. ಬೆಳಿಗ್ಗೆ ಎಲ್ಲ ಚೆನ್ನಾಗಿರುತ್ತೆ, ಸಂಜೆ ಏಳರ ಮೇಲೆ ನನ್ನ ಧ್ವನಿ ತುಂಡು ತುಂಡಾಗಿ ಕೇಳುತ್ತೆ ಅಂತ ಪೇರೆಂಟ್ಸ್ ಹೇಳೋಕೆ ಶುರು ಮಾಡಿದರು. ಒಬ್ಬರು ಮಗಳನ್ನೇ ಬಿಡಿಸಿಬಿಟ್ಟರು. ಫೋನಿನಲ್ಲಿ ಫಿಂಗ್ ಅಂತ ಆ್ಯಪ್ ಹಾಕಿ ನಮ್ಮ ವೈಫೈನಲ್ಲಿ ಏನೇನು ಸೇರಿಕೊಂಡಿದೆ ಅಂತ ನೋಡಿದೆ. ನಮ್ಮ ಮನೆಯಲ್ಲಿ ಇರೋದು ಎರಡು ಫೋನ್, ಒಂದು ಲ್ಯಾಪ್‌ಟಾಪ್, ಟಿವಿ, ಮಗಳ ಟ್ಯಾಬ್, ಅಷ್ಟೇ. ಆದರೆ ಪಟ್ಟಿ ಕೆಳಗೆ ಇಳಿಯುತ್ತಲೇ ಇದೆ. ಅದರಲ್ಲಿ ಒಂದು ಫೈರ್ ಟಿವಿ ಸ್ಟಿಕ್ (ಟಿವಿಗೆ ಸಿಕ್ಕಿಸಿ ನೆಟ್ಟಿನಲ್ಲಿ ಸಿನಿಮಾ ನೋಡುವ ಕಡ್ಡಿ) ಕೂಡ ಇತ್ತು. ನಾವು ಅದನ್ನು ಕೊಂಡೇ ಇಲ್ಲ!

ಹುಡುಗನಿಗೆ ಫೋನ್ ಮಾಡಿದೆ. ಹಳೇ ಪಾಸ್‌ವರ್ಡ್ ತೆಗೆದು ಹೊಸದು ಹಾಕಿಕೊಡು ಅಂದೆ. "ಅದು ಸರ್ವಿಸ್ ವಿಸಿಟ್ ಆಗುತ್ತೆ ಮೇಡಂ, 300 ಚಾರ್ಜ್" ಅಂದ. ಆಯ್ತು ಬಾ ಅಂದೆ. ಬಂದ, ನನ್ನ ಫೋನ್ ತಗೊಂಡ, ಕಿಟಕಿ ಕಡೆ ತಿರುಗಿಕೊಂಡು ಏನೋ ಒತ್ತಿದ, ಏನೋ ಟೈಪ್ ಮಾಡಿದ. "ಆಯ್ತು ಮೇಡಂ. ಹಳೇದು ತೆಗೆದಿದ್ದೀನಿ, ಹೊಸದು ನಿಮ್ಮ ಫೋನಲ್ಲಿ ಸೇವ್ ಆಗಿದೆ, ಯಾರಿಗೂ ಕೊಡಬೇಡಿ" ಅಂತ ನನಗೇ ಬುದ್ಧಿ ಹೇಳಿ 300 ಇಸ್ಕೊಂಡು ಹೋದ. ಕಾಫಿ ಕೂಡ ಕೊಟ್ಟಿದ್ದೆ.

ರಾತ್ರಿ ಮಗಳು ಟಿವಿ ಹಾಕಿದಳು. ಯೂಟ್ಯೂಬ್ ಬಂತು. ಅವಳ ಟ್ಯಾಬಲ್ಲೂ ಬಂತು. ಪಾತ್ರೆ ತೊಳೀತಿದ್ದವಳು ಅಲ್ಲೇ ನಿಂತೆ. ಪಾಸ್‌ವರ್ಡ್ ಬದಲಾಗಿದ್ದರೆ ಟಿವಿ ಹೊಸ ಪಾಸ್‌ವರ್ಡ್ ಕೇಳಬೇಕಲ್ವಾ? ಟ್ಯಾಬ್ ಕೇಳಬೇಕಲ್ವಾ? ಅವನು ಮುಟ್ಟಿದ್ದು ನನ್ನ ಫೋನ್ ಒಂದನ್ನೇ. ಟಿವಿ ಹತ್ತಿರ ಹೋಗಲೇ ಇಲ್ಲ. ಮತ್ತೆ ಟಿವಿ ಹೇಗೆ ಓಡ್ತಿದೆ?

ನನ್ನ ಫೋನಲ್ಲಿ ಸೆಟಿಂಗ್ಸ್‌ಗೆ ಹೋಗಿ ವೈಫೈ ಹೆಸರಿನ ಮುಂದೆ ಶೇರ್ ಅಂತ ಒತ್ತಿದೆ. ಆಂಡ್ರಾಯ್ಡ್ 10ರಿಂದ ಈಚೆಗಿನ ಫೋನುಗಳಲ್ಲಿ ಒಂದು ಕ್ಯೂಆರ್ ಕೋಡ್ ಬರುತ್ತೆ, ತುಂಬಾ ಫೋನುಗಳಲ್ಲಿ ಅದರ ಕೆಳಗೆ ಪಾಸ್‌ವರ್ಡ್ ಕೂಡ ಕಾಣುತ್ತೆ. ಕಂಡಿತು. ನನ್ನದೇ ಮೊಬೈಲ್ ನಂಬರ್. ಅದೇ ಹತ್ತು ಅಂಕಿ. ಅವನು ಮಾಡಿದ್ದು ಇಷ್ಟೇ: ನನ್ನ ಫೋನಲ್ಲಿ 'ಫರ್ಗೆಟ್' ಒತ್ತಿದ, ಅದೇ ಹಳೇ ಪಾಸ್‌ವರ್ಡ್ ಮತ್ತೆ ಟೈಪ್ ಮಾಡಿದ. ಫರ್ಗೆಟ್ ಒತ್ತಿದರೆ ಆ ಒಂದು ಫೋನ್ ಮಾತ್ರ ಪಾಸ್‌ವರ್ಡ್ ಮರೆಯುತ್ತೆ, ರೂಟರ್‌ನಲ್ಲಿ ಏನೂ ಬದಲಾಗಲ್ಲ. ಅದಕ್ಕೆ 300 ರೂಪಾಯಿ. ನನ್ನ ಕಣ್ಣೆದುರಿಗೇ, ನನ್ನ ಮನೆಯೊಳಗೇ ನಿಂತುಕೊಂಡು. ಆ ಹತ್ತು ಅಂಕಿ ನೋಡಿದಾಗ ಮೈಯೆಲ್ಲ ಉರಿದುಹೋಯಿತು.

ವಾಟ್ಸಾಪಿನಲ್ಲಿ ಕ್ಯೂಆರ್ ಫೋಟೋ ಹಾಕಿ ಇದೇನು ಅಂತ ಕೇಳಿದೆ. ಅವನ ಉತ್ತರ: "ನೆಟ್‌ವರ್ಕ್ ಅಪ್‌ಡೇಟ್ ಆಗೋಕೆ ಟೈಮ್ ತಗೊಳ್ಳುತ್ತೆ ಮೇಡಂ." ಎಷ್ಟು ಟೈಮ್? "24 ಗಂಟೆ." ವೈಫೈ ಪಾಸ್‌ವರ್ಡ್ ಸೇವ್ ಒತ್ತಿದ ಕೂಡಲೇ ಬದಲಾಗುತ್ತೆ, 24 ಗಂಟೆ ಎಲ್ಲಿಂದ ಬಂತು? ನಾನೇ ಬದಲಾಯಿಸ್ತೀನಿ, ರೂಟರ್ ಒಳಗೆ ಹೋಗೋಕೆ ಅಡ್ಮಿನ್ ಪಾಸ್‌ವರ್ಡ್ ಕೊಡು ಅಂದೆ. "ಅದು ಕಂಪನಿ ಪಾಸ್‌ವರ್ಡ್, ಕಸ್ಟಮರ್‌ಗೆ ಕೊಡಲ್ಲ." ರೂಟರ್ ತಳದಲ್ಲಿ ಸ್ಟಿಕರ್ ಮೇಲೆ ಬರೆದಿರೋದನ್ನು ಹಾಕಿದರೆ ತಪ್ಪು ಅಂತ ಬರುತ್ತಿದೆಯಲ್ಲ ಅಂದೆ. "ಸೆಕ್ಯೂರಿಟಿಗೆ ಚೇಂಜ್ ಮಾಡಿರ್ತೀವಿ." ಯಾರ ಸೆಕ್ಯೂರಿಟಿಗೆ? ಅದಕ್ಕೆ ಉತ್ತರ ಇಲ್ಲ, ಎರಡು ನೀಲಿ ಗೆರೆ ಅಷ್ಟೇ.

ಸಿಟ್ಟಿಗೆ ಅವತ್ತು ರೂಟರ್ ಸ್ವಿಚ್ಚೇ ಆಫ್ ಮಾಡಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದರು. ಮೇಲಿನ ಮನೆಯಲ್ಲಿ ಕೆಲಸಕ್ಕೆ ಹೋಗುವ ಮೂರು ಜನ ಹುಡುಗರು ಇದ್ದಾರೆ, ಅವರಲ್ಲೊಬ್ಬ. "ಆಂಟಿ, ನಿಮ್ಮ ರೂಟರ್ ಆಫ್ ಆಗಿದ್ಯಾ? ನಮಗೆ ನೆಟ್ ಬರ್ತಿಲ್ಲ" ಅಂತ ಕೇಳಿದ. ತುಂಬಾ ಮರ್ಯಾದೆಯಿಂದಲೇ ಕೇಳಿದ, ಪಾಪ ಅವನಿಗೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಲೈನ್ ಹುಡುಗ ಅವರಿಗೆ ಹೇಳಿದ್ದನಂತೆ, ಕೆಳಗಿನ ಮನೆಯವರ ಜೊತೆ ಶೇರಿಂಗ್ ಪ್ಲಾನ್ ಇದೆ, ಅವರಿಗೂ ಗೊತ್ತು, ತಿಂಗಳಿಗೆ 250 ಕೊಟ್ಟರೆ ಸಾಕು ಅಂತ. ಅವರು ಪ್ರತಿ ತಿಂಗಳು ಅವನ ಸ್ವಂತ ನಂಬರಿಗೆ ಯುಪಿಐ ಮಾಡ್ತಿದ್ದಾರೆ. ಫೋನ್ ತೆಗೆದು ತೋರಿಸಿದ, ಒಂದರ ಕೆಳಗೊಂದು ಸಾಲಾಗಿ 250, 250, 250.

ಬಿಲ್ ನನ್ನದು, ಆಧಾರ್ ನನ್ನದು, ಕರೆಂಟ್ ನನ್ನದು, ಟ್ಯೂಷನ್ ಹಾಳಾಗಿದ್ದು ನನ್ನದು. ಅವನು ನನ್ನ ನೆಟ್ಟನ್ನು ನನ್ನ ತಲೆ ಮೇಲಿನ ಮನೆಗೇ ಮಾರ್ತಿದ್ದ. ಪಾಸ್‌ವರ್ಡ್ ಬದಲಾಯಿಸಿದರೆ ಅವನ ವ್ಯಾಪಾರ ನಿಲ್ಲುತ್ತೆ, ಅದಕ್ಕೇ ಬದಲಾಯಿಸಲಿಲ್ಲ. ಬದಲಾಯಿಸದೇ ಇರೋದಕ್ಕೂ ನನ್ನ ಹತ್ತಿರವೇ ದುಡ್ಡು ತಗೊಂಡ. ಆ ಹುಡುಗನ ಎದುರಿಗೆ ಬಾಗಿಲಲ್ಲಿ ನಿಂತು ನನಗೆ ಎಷ್ಟು ಅವಮಾನ ಆಯಿತು ಅಂದರೆ ಮಾತೇ ಹೊರಡಲಿಲ್ಲ. ಅವನಿಗೂ ಅವಮಾನ ಆಯಿತು.

ಏಜೆಂಟಿಗೆ ಫೋನ್ ಮಾಡಿದೆ. ಮೊದಲು "ಹಾಗೆಲ್ಲ ಆಗೋಕೆ ಚಾನ್ಸೇ ಇಲ್ಲ ಮೇಡಂ" ಅಂದ. ಸ್ಕ್ರೀನ್‌ಶಾಟ್ ಇದೆ ಅಂದಮೇಲೆ "ಹುಡುಗ ಹೊಸಬ, ಬಿಟ್ಟುಬಿಡಿ" ಅಂದ. ಹೊಸಬ ಹೇಗಾಗ್ತಾನೆ, ನಮಗೆ ಕನೆಕ್ಷನ್ ಕೊಟ್ಟವನೇ ಅವನು. ಆಮೇಲೆ ಒಂದು ಮಾತು ಹೇಳಿದ, ಅದನ್ನು ನಾನು ಯಾವತ್ತೂ ಮರೆಯಲ್ಲ: "ನಿಮ್ಮದು ಅನ್‌ಲಿಮಿಟೆಡ್ ಪ್ಲಾನ್ ಅಲ್ವಾ ಮೇಡಂ, ನೀವು ಪೂರ್ತಿ ಯೂಸ್ ಮಾಡ್ತಿಲ್ಲ, ನಿಮಗೇನು ಲಾಸ್?" ನನಗೇನು ಲಾಸ್ ಅಂತೆ! ಒಬ್ಬ ಸ್ಟೂಡೆಂಟ್ ಹೋದಳು, ಅದು ಲಾಸ್ ಅಲ್ವಾ? ಕೊನೆಗೆ "300 ರೂಪಾಯಿಗೆ ಇಷ್ಟು ದೊಡ್ಡದು ಮಾಡ್ತೀರಾ" ಅಂತ ಫೋನ್ ಇಟ್ಟ.

300 ರೂಪಾಯಿ ಅಲ್ಲ ವಿಷಯ. ಆ ವೈಫೈನಲ್ಲಿ ಯಾರು ಏನು ಮಾಡಿದರೂ ಹೊರಗೆ ಕಾಣೋದು ನನ್ನ ಹೆಸರಿನ ಕನೆಕ್ಷನ್. 2008ರ ಜುಲೈನಲ್ಲಿ ಅಹಮದಾಬಾದ್ ಬಾಂಬ್ ಸ್ಫೋಟಕ್ಕೆ ಸ್ವಲ್ಪ ಮೊದಲು ಬಂದ ಬೆದರಿಕೆ ಇಮೇಲ್ ಹೋಗಿದ್ದು ನವಿ ಮುಂಬೈನ ಒಬ್ಬ ಅಮೆರಿಕನ್ ಬಾಡಿಗೆದಾರರ ಮನೆಯ ವೈಫೈನಿಂದ. ಪೊಲೀಸರು ಮೊದಲು ಬಾಗಿಲು ತಟ್ಟಿದ್ದು ಅವರದ್ದೇ. ಅವರ ಪಾತ್ರ ಏನೂ ಇಲ್ಲ ಅಂತ ಆಮೇಲೆ ಗೊತ್ತಾಯಿತು, ಆದರೆ ಅಲ್ಲಿವರೆಗೆ ಅವರು ಪಟ್ಟ ಪಾಡು? ಮೇಲಿನ ಮನೆ ಹುಡುಗರು ಒಳ್ಳೆಯವರು, ಸರಿ. ಆದರೆ ಆ ಪಾಸ್‌ವರ್ಡನ್ನು ಅವನು ಇನ್ನೂ ಯಾರ್ಯಾರಿಗೆ ಮಾರಿದ್ದ ಅಂತ ನನಗೆ ಹೇಗೆ ಗೊತ್ತಾಗಬೇಕು? ನಮ್ಮ ಮನೆ ಬೀಗದ ಕೈ ಅವನ ಜೇಬಿನಲ್ಲಿ ಇದ್ದಂಗಾಯಿತು.

ಆಮೇಲೆ ಏಜೆಂಟನ್ನು ಬಿಟ್ಟು ಕಂಪನಿಗೇ ಮಾಡಿದೆ. ಬಿಲ್ ಮೇಲಿರುವ ನಂಬರಿಗೇ ಮಾಡಿ, ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರಿಗೆ ಬೇಡ, ಅಲ್ಲಿ ಇನ್ನೊಂದು ರೀತಿಯ ಕಳ್ಳರು ಕೂತಿರುತ್ತಾರೆ, ಸ್ಕ್ರೀನ್ ಶೇರ್ ಆ್ಯಪ್ ಹಾಕಿಸಿ ಬ್ಯಾಂಕ್ ಅಕೌಂಟೇ ಖಾಲಿ ಮಾಡುತ್ತಾರೆ. ಫೋನ್ ಎತ್ತಿದ ಹೆಣ್ಣುಮಗಳು ಚೆನ್ನಾಗಿ ಮಾತಾಡಿದಳು. ಅಡ್ಮಿನ್ ಪಾಸ್‌ವರ್ಡ್ ಕಸ್ಟಮರ್‌ಗೆ ಕೊಡಬಾರದು ಅಂತ ನಮ್ಮಲ್ಲಿ ಏನೂ ಇಲ್ಲ ಅಂದಳು! ಅವನು ಹೇಳಿದ್ದು ಅದೂ ಸುಳ್ಳು.

ಒಂದು ವಿಷಯ ಮಾತ್ರ ಗಮನ ಇಡಿ. ರೂಟರ್ ಹಿಂದೆ ಚಿಕ್ಕ ತೂತು ಇರುತ್ತಲ್ಲ, ರೀಸೆಟ್, ಅದನ್ನು ಪಿನ್ನಿನಿಂದ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ರೂಟರ್ ಹೊಸದರಲ್ಲಿ ಇದ್ದಂಗೆ ಆಗುತ್ತೆ, ಸ್ಟಿಕರ್ ಮೇಲಿನ ಪಾಸ್‌ವರ್ಡ್‌ಗಳೇ ಮತ್ತೆ ನಡೆಯುತ್ತವೆ, ಆದರೆ ತುಂಬಾ ಫೈಬರ್ ರೂಟರ್‌ಗಳಲ್ಲಿ ನಿಮ್ಮ ಕನೆಕ್ಷನ್ನಿನ ಲಾಗಿನ್ ಕೂಡ ಅಳಿಸಿಹೋಗಿ ನೆಟ್ಟೇ ನಿಲ್ಲುತ್ತೆ. ಆ ಭಯದಲ್ಲೇ ಜನ ಸುಮ್ನೆ ಇರ್ತಾರೆ, ಇವರು ಆಡಿಸೋದೂ ಅದನ್ನೇ ಇಟ್ಟುಕೊಂಡು. ಹಾಗಾಗಿ ಮೊದಲು ಆ ಲಾಗಿನ್ನಿನ ವಿವರ, ಅಂದರೆ ಪಿಪಿಪಿಒಇ ಯೂಸರ್ ಐಡಿ, ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಕಂಪನಿ ಲೈನಿಗೆ ಸೇರೋಕೆ ರೂಟರ್‌ಗೆ ಬೇಕಾಗುವ ನಂಬರ್) ಮೂರನ್ನೂ ಕಂಪನಿಯಿಂದ ಮೆಸೇಜಿನಲ್ಲಿ ತರಿಸಿಕೊಳ್ಳಿ, ಆಮೇಲೆ ಪಿನ್ ತಗೊಳ್ಳಿ. ನಾನು ಹಾಗೇ ಮಾಡಿದೆ. ರೀಸೆಟ್ ಆದ ಮೇಲೆ ಫೋನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಸ್ಟಿಕರ್ ಮೇಲಿನ ಪಾಸ್‌ವರ್ಡಿನಿಂದ ವೈಫೈಗೆ ಸೇರಿ, ಕ್ರೋಮ್‌ನಲ್ಲಿ 192.168.1.1 ಅಂತ ಹೊಡೆದರೆ ರೂಟರ್ ಪುಟ ಬರುತ್ತೆ (ಕೆಲವದರಲ್ಲಿ 192.168.0.1, ಸ್ಟಿಕರ್ ಮೇಲೇ ಇರುತ್ತೆ). ಕಂಪನಿ ಕಳಿಸಿದ ಆ ಮೂರನ್ನೂ ಅಲ್ಲಿ ತುಂಬಿ. ಪಾಸ್‌ವರ್ಡ್‌ಗಳಲ್ಲಿ ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ವೈಫೈದು. 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಹೆಸರು ಇದ್ದರೆ ಎರಡಕ್ಕೂ ಬದಲಾಯಿಸಿ, ಒಂದು ಬಿಟ್ಟರೆ ಕಳ್ಳ ಆ ಕಡೆಯಿಂದ ಬರ್ತಾನೆ. ಡಬ್ಲ್ಯೂಪಿಎಸ್ (ವೈಫೈ ಪಾಸ್‌ವರ್ಡ್ ಹೊಡೆಯದೇ ಬಟನ್ ಅಥವಾ ಪಿನ್ ನಂಬರಿನಿಂದ ಸೇರಿಕೊಳ್ಳುವ ದಾರಿ) ಅಂತ ಇದ್ದರೆ ಆಫ್ ಮಾಡಿ. ರಿಮೋಟ್ ಆ್ಯಕ್ಸೆಸ್ (ಹೊರಗೆ ಎಲ್ಲೋ ಕೂತು ನಿಮ್ಮ ರೂಟರ್ ಒಳಗೆ ಹೋಗುವ ದಾರಿ) ಅಂತ ಇದ್ದರೆ ಅದನ್ನೂ ಆಫ್ ಮಾಡಿ, ನಮ್ಮದರಲ್ಲಿ ಆನ್ ಇತ್ತು. ಪಾಸ್‌ವರ್ಡ್ ಪೂರ್ತಿ ತೆಗೆದು ಓಪನ್ ಇಡೋ ಕೆಲಸ ಮಾತ್ರ ಬೇಡವೇ ಬೇಡ, ನೆಂಟರು ಬರ್ತಾರೆ ಅಂದರೆ ಗೆಸ್ಟ್ ನೆಟ್‌ವರ್ಕ್ ಅಂತ ಬೇರೆ ಇರುತ್ತೆ.

ಇದೆಲ್ಲ ಮುಗಿಸೋಕೆ ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಾಕು, ಇದಕ್ಕೆ 300 ರೂಪಾಯಿ ವಿಸಿಟ್ ಬೇರೆ! ರೀಸೆಟ್ ಒತ್ತಿದಾಗಲೇ ಟಿವಿ ನಿಂತಿತು, ಟ್ಯಾಬ್ ನಿಂತಿತು, ಹೊಸ ಪಾಸ್‌ವರ್ಡ್ ಹಾಕಿ ಸೇವ್ ಒತ್ತಿದ ಕೂಡಲೇ ನನ್ನ ಫೋನೂ ಕಳಚಿಕೊಂಡಿತು. ಬದಲಾದರೆ ಹೀಗಾಗಬೇಕು. ನಿಮ್ಮ ಮನೆಗೆ ಯಾರಾದರೂ ಬಂದು ಪಾಸ್‌ವರ್ಡ್ ಬದಲಾಯಿಸಿದೆ ಅಂದರೆ, ಅವನು ಮನೆಯಲ್ಲಿ ಇರುವಾಗಲೇ ಟಿವಿ ಹಾಕಿ ನೋಡಿ. ಟಿವಿಯಲ್ಲಿ ಯೂಟ್ಯೂಬ್ ತಾನಾಗೇ ಓಡಿದರೆ ಪೈಸೆ ಕೊಡಬೇಡಿ.

ಅಷ್ಟಾದ ಮಾರನೇ ದಿನವೇ ನಮ್ಮ ಲೈನ್ ಹೋಯಿತು. ಏಜೆಂಟ್ "ಫೈಬರ್ ಕಟ್ ಆಗಿದೆ, ಮಳೆಗೆ" ಅಂದ. ಪಕ್ಕದ ಮನೆಯಲ್ಲಿ ಅದೇ ಕಂಬದಿಂದ ಬರುವ ಲೈನ್ ಚೆನ್ನಾಗೇ ಓಡ್ತಿತ್ತು. ಕಂಪನಿಯಲ್ಲಿ ದೂರು ಬರೆಸಿ ಡಾಕೆಟ್ ನಂಬರ್ (ದೂರಿಗೆ ಕೊಡುವ ನಂಬರ್) ತಗೊಂಡ ಮೇಲೆ ಬೇರೆ ಹುಡುಗ ಬಂದು ಸರಿ ಮಾಡಿದ. ಆ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಕಂಪನಿ ಸರಿಯಾಗಿ ಉತ್ತರ ಕೊಡದಿದ್ದರೆ ಅವರದ್ದೇ ಅಪೀಲ್ ಅಥಾರಿಟಿಗೆ (ಕಂಪನಿಯೊಳಗೇ ಮೇಲ್ಮನವಿ ಕೇಳುವವರು) ಹೋಗೋಕೆ ಅದೇ ಬೇಕು. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್‌ಗೆ ಬರೆದರೆ ಒಬ್ಬೊಬ್ಬರ ದೂರನ್ನು ಅವರು ನೇರವಾಗಿ ವಿಚಾರಿಸಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು.

ಮೇಲಿನ ಮನೆ ಹುಡುಗರು ತಮ್ಮ ಸ್ಕ್ರೀನ್‌ಶಾಟ್‌ಗಳನ್ನೆಲ್ಲ ನನಗೆ ಕಳಿಸಿದ್ದಾರೆ, ಅದನ್ನೂ ದೂರಿಗೆ ಸೇರಿಸಿದ್ದೇನೆ. ನನ್ನ 300 ವಾಪಸ್ ಬಂದಿಲ್ಲ. ಅವರ ದುಡ್ಡೂ ಬಂದಿಲ್ಲ. ಆ ಹುಡುಗ ಈಗಲೂ ನಮ್ಮ ಬೀದಿಗೆ ಬರ್ತಾನೆ, ಹೊಸ ಕನೆಕ್ಷನ್ ಕೊಡ್ತಾನೆ, ಪಾಸ್‌ವರ್ಡ್‌ಗೆ ಅವರವರ ಮೊಬೈಲ್ ನಂಬರನ್ನೇ ಹಾಕ್ತಾನೆ.