ಗೋದಾಮಿಗೆ ನೆಲದಡಿಯ ಕೇಬಲ್: ಆರ್ಮರ್ಡ್ ಮೇಲೋ, ಪೈಪಿನೊಳಗಿನದು ಮೇಲೋ?

ಕಾಫಿ ತೋಟದಲ್ಲಿ ಮನೆಯಿಂದ ಗೋದಾಮಿಗೆ ಕರೆಂಟು ಒಯ್ಯಲು ಕಂಬ ನೆಟ್ಟು ತಂತಿ ಎಳೆಯುವುದೇ ಅಗ್ಗದ ದಾರಿ. ಆದರೆ ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದು ಒಂದೆಡೆಯಾದರೆ, ನೆರಳುಮರದ ಕೊಂಬೆ ಸವರುವ ಮರಗಸಿ ಮಾಡುವಾಗಲೋ ಕರಿಮೆಣಸು ಕೊಯ್ಯುವಾಗಲೋ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಕಾರ್ಮಿಕರು ಪ್ರಾಣ ಕಳೆದುಕೊಂಡ ಸುದ್ದಿ ಕೊಡಗಿನಲ್ಲಿ ಮತ್ತೆ ಮತ್ತೆ ಕೇಳಿಬರುವುದು ಇನ್ನೊಂದೆಡೆ. ಏಣಿ ಓಡಾಡುವ ಜಾಗದಲ್ಲಿ ತಂತಿ ಇರಲೇಕೂಡದು ಎಂಬ ಕಾರಣಕ್ಕೆ ನಾಪೋಕ್ಲು ಸಮೀಪದ ನಮ್ಮ ತೋಟದಲ್ಲಿ ಕಣದ ಬದಿಯ ಗೋದಾಮಿಗೂ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೂ ಕೇಬಲನ್ನು ನೆಲದಡಿಯಲ್ಲೇ ಒಯ್ದೆವು. ಎರಡೂ ಮನೆಯಿಂದ ಸುಮಾರು 80 ಮೀಟರ್ ದೂರದಲ್ಲಿವೆ. ಯಾವುದು ಬಾಳುತ್ತದೆ ಎಂದು ತಿಳಿಯಬೇಕೆಂದೇ ಗೋದಾಮಿಗೆ 10 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಆರ್ಮರ್ಡ್, ಅಂದರೆ ಉಕ್ಕಿನ ಕವಚವಿರುವ, ಕೇಬಲನ್ನು ನೇರವಾಗಿ ಮಣ್ಣಿನಲ್ಲಿ ಹೂಳಿಸಿದೆ. ಪಲ್ಪರ್ ಮನೆಗೆ 4 ಚದರ ಮಿಲಿಮೀಟರಿನ ತಾಮ್ರದ ಸಬ್‌ಮರ್ಸಿಬಲ್ ಕೇಬಲನ್ನು ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೈಪಿನೊಳಗೆ ಎಳೆಸಿದೆ.

ಅಗೆತದ ಕೆಲಸದಲ್ಲಿ ಪೈಪು ಹಗುರ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1.1 ಕಿಲೋವೋಲ್ಟ್ ವರೆಗಿನ ಕೇಬಲಿಗೆ ಭಾರತೀಯ ಮಾನಕ ಐಎಸ್ 1255 ಹೇಳುವ ಆಳ 0.75 ಮೀಟರ್, ಅಂದರೆ ಎರಡೂವರೆ ಅಡಿ. ನಮ್ಮ ತೋಟಗಳಿಗೆ ಅದು ಹೆಚ್ಚಲ್ಲ. ಮಳೆನೀರು ಇಂಗಿಸಲು ಕಾಫಿ ಸಾಲುಗಳ ನಡುವೆ ತೋಡುವ ತೊಟ್ಟಿಲು ಗುಂಡಿಗಳೇ ಒಂದು ಅಡಿಗೂ ಮೀರಿ ಇಳಿಯುತ್ತವೆ, ಗೆಡ್ಡೆ ಹುಡುಕುವ ಕಾಡುಹಂದಿಯೂ ಮಣ್ಣನ್ನು ಚೆನ್ನಾಗಿಯೇ ಕೆದಕುತ್ತದೆ. ಆದ್ದರಿಂದ ಎರಡಕ್ಕೂ ಒಂದೇ ಆಳದ ಕಾಲುವೆ ತೋಡಿಸಿದೆ. ಆರ್ಮರ್ಡ್ ಕೇಬಲಿನ ಕೆಳಗೂ ಮೇಲೂ ಮರಳು ಹಾಸಿ, ಅದರ ಮೇಲೆ ಇಟ್ಟಿಗೆ ಅಡ್ಡ ಜೋಡಿಸಿ, ಮಣ್ಣು ಮುಚ್ಚುವ ನಡುವೆ ಎಚ್ಚರಿಕೆಯ ಟೇಪು ಹಾಸಿದ್ದೇವೆ. ಗುದ್ದಲಿ ಮೊದಲು ಟೇಪಿಗೆ, ಆಮೇಲೆ ಇಟ್ಟಿಗೆಗೆ ತಾಗಬೇಕು. ಕೇಬಲಿನ ಉಕ್ಕಿನ ಕವಚ ಕೊನೆಯ ಕಾವಲು.

ಪೈಪಿನ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ಎರಡು ತುದಿಗಳನ್ನೂ ಬಿಗಿಯಾಗಿ ಮುಚ್ಚಿದರೂ ಕೊಡಗಿನ ಮಳೆಗಾಲದಲ್ಲಿ ಪೈಪಿನೊಳಗೆ ನೀರು ನಿಲ್ಲುತ್ತದೆ, ಏಕೆಂದರೆ ಸಂದುಗಳಿಂದ ನೀರೂ ತೇವದ ಗಾಳಿಯೂ ಒಳಸೇರುತ್ತವೆ, ಆ ಗಾಳಿ ತಣಿದಾಗಲೆಲ್ಲ ಹನಿಗಟ್ಟಿ ತಗ್ಗಿಗೆ ಹರಿಯುತ್ತದೆ. ಸೆಪ್ಟೆಂಬರಿನ ಕೊಡವ ಹಬ್ಬ ಕೈಲ್‌ಪೊಳ್ದ್ ಕಳೆದ ಮೇಲೆ ಪಲ್ಪರ್ ಮನೆಯ ಕಡೆಯ ಮುಚ್ಚಳ ಬಿಚ್ಚಿಸಿದಾಗ ಕೆಂಪು ಬಣ್ಣದ ನೀರು ದಾರವಾಗಿ ಸುರಿದು, ನಿಲ್ಲಲು ಬಹಳ ಹೊತ್ತು ಹಿಡಿಯಿತು. ಒಳಗಿದ್ದದ್ದು ನೀರಿನಲ್ಲಿಯೇ ಮುಳುಗಿರಲು ತಯಾರಾದ ಕೇಬಲಾದ್ದರಿಂದ ಏನೂ ಕೆಡಲಿಲ್ಲ. ಮನೆಯ ವೈರಿಂಗಿಗೆ ಬಳಸುವ ಬಿಡಿ ವೈರುಗಳಿದ್ದರೆ ಅವುಗಳ ಹೊದಿಕೆ ಹೆಚ್ಚು ಕಾಲ ತಡೆಯುತ್ತಿರಲಿಲ್ಲ. ಕಟ್ಟಡದ ಕಡೆಗೆ ಇಳಿಜಾರಾಗಿರುವ ಪೈಪನ್ನು ನೇರವಾಗಿ ಸ್ವಿಚ್‌ಬೋರ್ಡಿನವರೆಗೆ ಒಯ್ಯದೆ, ಗೋಡೆಯ ಹೊರಗೇ ಕೊನೆಗೊಳಿಸಿ ನೀರು ಬಸಿಯಲು ದಾರಿ ಬಿಡಬೇಕು. ಹೆಗ್ಗಣಗಳೂ ಎಚ್‌ಡಿಪಿಇ ಪೈಪನ್ನು ಕಡಿಯುತ್ತವೆ. ಕಟ್ಟಡದ ಅಡಿಪಾಯದ ಬಳಿ ಪೈಪು ಮೇಲೇರುವ ಕಡೆ ಹಲ್ಲಿನ ಗುರುತುಗಳು ಸ್ಪಷ್ಟವಾಗಿದ್ದವು. ಆರ್ಮರ್ಡ್ ಕೇಬಲಿನ ಹೊರಹೊದಿಕೆಯನ್ನು ಅವು ಕೆರೆದರೂ ಕವಚ ದಾಟುವುದು ಕಷ್ಟ.

ದಪ್ಪದ ವಿಷಯದಲ್ಲಿ ಲೆಕ್ಕವೇ ತೀರ್ಪು ಕೊಡುತ್ತದೆ. ಹೋಗಿಬರುವ ಎರಡೂ ತಂತಿ ಸೇರಿ 160 ಮೀಟರ್ ಆಗುವುದರಿಂದ 4 ಚದರ ಮಿಲಿಮೀಟರಿನ ತಾಮ್ರದಲ್ಲಿ ಸುಮಾರು 0.8 ಓಮ್, 10 ಚದರ ಮಿಲಿಮೀಟರಿನ ಅಲ್ಯೂಮಿನಿಯಂನಲ್ಲಿ ಸುಮಾರು 0.5 ಓಮ್ ರೋಧವಿರುತ್ತದೆ. 15 ಆಂಪಿಯರ್ ಹರಿದಾಗ ಮೊದಲನೆಯದರಲ್ಲಿ 12 ವೋಲ್ಟ್, ಎರಡನೆಯದರಲ್ಲಿ ಏಳೂವರೆ ವೋಲ್ಟ್ ಕುಸಿಯುತ್ತದೆ. ಇದು ಅಲ್ಪವೆನಿಸಬಹುದು, ಆದರೆ ಮೋಟಾರು ಹೊರಡುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ನಾಲ್ಕೇ ಪಟ್ಟು ಎಂದುಕೊಂಡರೂ 60 ಆಂಪಿಯರಿಗೆ ಕುಸಿತ ಒಂದರಲ್ಲಿ 48, ಇನ್ನೊಂದರಲ್ಲಿ 30 ವೋಲ್ಟ್. ಕಾಫಿ ಕೊಯ್ಲಿನ ಸಂಜೆಗಳಲ್ಲಿ ವೋಲ್ಟೇಜ್ ಮೊದಲೇ ಇಳಿದಿರುವಾಗ ಪಲ್ಪರ್ ಮೋಟಾರು ಗುಂಯ್‌ಗುಡುತ್ತಾ ತಿರುಗಲು ತಡಮಾಡುವುದು ಇದರಿಂದಲೇ. ದಪ್ಪ ಅಲ್ಯೂಮಿನಿಯಂ ಕೇಬಲು ತೆಳು ತಾಮ್ರಕ್ಕಿಂತ ಅಗ್ಗವೂ ಆಗಿರುವುದರಿಂದ ಈ ದೂರಕ್ಕೆ ನನ್ನ ಆಯ್ಕೆ ಅದೇ. ಅಲ್ಯೂಮಿನಿಯಂ ತುದಿಗಳಿಗೆ ಸರಿಯಾದ ಲಗ್ಗು (ತಂತಿಯ ತುದಿಗೆ ತೊಡಿಸುವ ಲೋಹದ ತೊಡಪು) ಒತ್ತಿಸಬೇಕು, ಕೇಬಲನ್ನು ಪೆಟ್ಟಿಗೆಗೆ ಬಿಗಿಹಿಡಿಯುವ ಗ್ಲ್ಯಾಂಡ್ ಕೂರಿಸಿ ಕವಚಕ್ಕೆ ಅರ್ಥಿಂಗ್ ಕೊಡಿಸಬೇಕು. ತೋಟದ ರಸ್ತೆ ದಾಟುವ ಕಡೆ ಮಾತ್ರ ಆರ್ಮರ್ಡ್ ಕೇಬಲನ್ನೂ ಪೈಪಿನೊಳಗೆ ಹಾಯಿಸಿದ್ದೇನೆ. ಲಾರಿ ಓಡಾಡುವ ರಸ್ತೆಯನ್ನು ಮತ್ತೆ ಅಗೆಯುವ ಪ್ರಮೇಯ ಬರಬಾರದು.

ಎರಡು ಕಟ್ಟಡಗಳಿಗೂ ಪ್ರತ್ಯೇಕ ಅರ್ಥ್ ಗುಂಡಿ ತೋಡಿಸಿ, ಕರೆಂಟು ಲೀಕಾದೊಡನೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದ್ದೇನೆ. ಬೇಸಗೆಯಲ್ಲಿ ನಮ್ಮ ಮಣ್ಣು ಒಣಗಿದಾಗ ಅರ್ಥಿನ ರೋಧ 20 ಓಮ್‌ಗೆ ಏರಿದರೆ, 230 ವೋಲ್ಟಿನಲ್ಲಿ ಲೀಕಾದ ಕರೆಂಟು ಹನ್ನೊಂದೂವರೆ ಆಂಪಿಯರ್ ಮೀರುವುದಿಲ್ಲ. ಕರೆಂಟು ಮಿತಿ ಮೀರಿದಾಗಷ್ಟೇ ಬೀಳುವ 16 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ, ಮೋಟಾರಿನ ಮೈಯಲ್ಲಿ ಕರೆಂಟು ಹಾಗೆಯೇ ಉಳಿದುಬಿಡುತ್ತದೆ. ಒದ್ದೆ ನೆಲದಲ್ಲಿ ನಿಂತು ಹಣ್ಣು ಸುರಿಯುವವರ ಜೀವ ಆ ಆರ್‌ಸಿಸಿಬಿಯ ಮೇಲೆ ನಿಂತಿದೆ.

ಹೀಗೆ ಅರ್ಥ್ ಬೇರೆ ಬೇರೆಯಾದ ಕಟ್ಟಡಗಳ ನಡುವೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆಯುವುದು ಅಪಾಯಕಾರಿ. ಕೊಯ್ಲಿನ ಕಾಲದಲ್ಲಿ ಕಣದಿಂದ ಕಾಫಿ ಕಳವಾಗುವ ಭಯಕ್ಕೆ ಈಗ ಎಲ್ಲರೂ ಸಿಸಿ ಕ್ಯಾಮೆರಾ ಹಾಕಿಸುತ್ತಿದ್ದಾರೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಪಲ್ಪರ್ ಮನೆಗೆ ಜೆಲ್ಲಿ ತುಂಬಿದ, ಅಪ್ಪಟ ತಾಮ್ರದ ಕ್ಯಾಟ್ 6 ನೆಟ್‌ವರ್ಕ್ ಕೇಬಲನ್ನು ಬೇರೆಯೇ ಪೈಪಿನಲ್ಲಿ ಹಾಕಿಸಿದ್ದೆ. ಅಂಥ ಕೇಬಲಿಗಿರುವ 100 ಮೀಟರಿನ ಮಿತಿಯೊಳಗೇ ಇದ್ದುದರಿಂದ ಕೆಲಸವೂ ಚೆನ್ನಾಗಿತ್ತು. ಆದರೆ ಒಂದು ಏಪ್ರಿಲ್ ಸಂಜೆಯ ಗುಡುಗುಮಳೆಯಲ್ಲಿ ಹತ್ತಿರವೆಲ್ಲೋ ಸಿಡಿಲು ಬಡಿದು, ಕೇಬಲಿನ ಎರಡು ತುದಿಯ ನೆಟ್‌ವರ್ಕ್ ಸ್ವಿಚ್ಚುಗಳ ಪೋರ್ಟುಗಳೂ ಸುಟ್ಟವು. ಒಂದರ ಲೋಹದ ಕಡ್ಡಿಗಳು ಕಪ್ಪಾಗಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿದ್ದವು. ಗೋದಾಮಿಗೆ ಹೋದದ್ದು ಫೈಬರ್. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲವಾದ್ದರಿಂದ ಆ ಸಂಜೆ ಅಲ್ಲಿನ ಕ್ಯಾಮೆರಾ ಅಲುಗಲೇ ಇಲ್ಲ. ಉಕ್ಕಿನ ತಂತಿ ಸೇರಿಸಿದ ಫೈಬರ್ ಕೇಬಲುಗಳೂ ಸಿಗುತ್ತವೆ. ಅದನ್ನು ತಂದರೆ ಈ ಲಾಭವೇ ಇಲ್ಲವಾಗುತ್ತದೆ, ಲೋಹವಿಲ್ಲದ್ದನ್ನೇ ಕೇಳಿ ತರಬೇಕು. ಸಿಂಗಲ್ ಮೋಡ್ ಫೈಬರ್, ಎರಡು ತುದಿಗೆ ಫೈಬರನ್ನು ಸಾಧಾರಣ ನೆಟ್‌ವರ್ಕ್ ಕೇಬಲಿಗೆ ಹೊಂದಿಸುವ ಮೀಡಿಯಾ ಕನ್ವರ್ಟರ್, ತುದಿಗಳನ್ನು ಜೋಡಿಸಲು ಊರಿನ ಇಂಟರ್ನೆಟ್ ಲೈನಿನ ಹುಡುಗ: ಇಷ್ಟೇ ಬೇಕಾದದ್ದು. ಕರೆಂಟಿನ ಕೇಬಲನ್ನು ಒಮ್ಮೆ ಹೂಳಿದರೆ ಬದಲಿಸುವ ಅಗತ್ಯ ಬೀಳುವುದು ಅಪರೂಪ, ನೆಟ್‌ವರ್ಕಿನದು ಹಾಗಲ್ಲ. ಆದ್ದರಿಂದ ಪೈಪು ನಿಜವಾಗಿ ಬೇಕಾಗಿರುವುದು ಫೈಬರಿಗೆ, ಒಳಗೆ ಇನ್ನೊಂದು ನೈಲಾನ್ ಹಗ್ಗವನ್ನೂ ಬಿಟ್ಟು. ಪಲ್ಪರ್ ಮನೆಯ ಕ್ಯಾಟ್ 6 ಅನ್ನೂ ಅದೇ ಪೈಪಿನಿಂದ ಎಳೆದು ತೆಗೆದು ಫೈಬರ್ ಹಾಯಿಸಿದ್ದೇವೆ. ಒಂದು ಬುಟ್ಟಿ ಮಣ್ಣನ್ನೂ ಅಗೆಯಬೇಕಾಗಲಿಲ್ಲ.

ಕೇಬಲಿಲ್ಲದೆ ಎರಡು ಕಟ್ಟಡಗಳ ನಡುವೆ ರೇಡಿಯೋ ಸಿಗ್ನಲ್ಲಿನಿಂದ ನೆಟ್‌ವರ್ಕ್ ಬೆಸೆಯುವ ವೈರ್‌ಲೆಸ್ ಸೇತುವೆಯನ್ನೂ ಪರೀಕ್ಷಿಸಿದ್ದುಂಟು. ಒದ್ದೆ ಎಲೆಗಳ ನಡುವೆ 5 ಗಿಗಾಹರ್ಟ್ಸ್ ಸಿಗ್ನಲ್ ಸೊರಗುವುದರಿಂದ ನೆರಳುಮರಗಳಿರುವ ಕಡೆ ಅದು ಜುಲೈ ತಿಂಗಳಲ್ಲಿ ನಿಲ್ಲಲಿಲ್ಲ. ಗದ್ದೆಯಾಚೆಯ ಪಂಪ್‌ಹೌಸಿಗೆ ಅದೇ ಜೋಡಿಯನ್ನು ಒಯ್ದು ಕಟ್ಟಿಸಿದ್ದೇನೆ. ನಡುವೆ ಒಂದೂ ಮರವಿಲ್ಲ, ಕಾಲುವೆ ತೋಡಲು ಒಣನೆಲವೂ ಇಲ್ಲ, ಹಾಗಾಗಿ ಅಲ್ಲಿಗೆ ಅದೇ ಸರಿ.