ಬನ್ನಿ, ಜಾಲಿ, ಮೂರು ಡಿಎನ್ಎ ತುಣುಕು

ಜೋಧಪುರದ ಕಡೆ ಖೇಜಡಿ ಅನ್ನುವುದು ನಮ್ಮ ಬನ್ನಿ ಮರವನ್ನೇ. ಪಕ್ಕದಲ್ಲೇ ಬಳ್ಳಾರಿ ಜಾಲಿ. ಹಳೇ ಪುಸ್ತಕಗಳಲ್ಲಿ ಎರಡೂ ಪ್ರೊಸೋಪಿಸ್. 2022ರಲ್ಲಿ ಆ ಕುಲವನ್ನೇ ಒಡೆದರು. ಬನ್ನಿ ಪ್ರೊಸೋಪಿಸ್ ಆಗಿ ಉಳಿಯಿತು, ಅಮೆರಿಕ ಖಂಡಗಳಿಂದ ಬಂದ ಬಳ್ಳಾರಿ ಜಾಲಿ ನೆಲ್ಟುಮಾ ಆಯಿತು. ಅದಕ್ಕೆ ನೂರಾರು ಜೀನ್‌ ನೋಡಿದ್ದರು. ನಾನೂ ಅಲ್ಲಿನ ಗಿಡಗಳ ನೆಂಟಸ್ತಿಕೆ ನೋಡಲು ಹೊರಟೆ. ನನ್ನ ದುಡ್ಡಿಗೆ ಮೂರು ಡಿಎನ್ಎ ತುಣುಕು ದಕ್ಕಿದವು: ಆರ್‌ಬಿಸಿಎಲ್, ಮ್ಯಾಟ್‌ಕೆ, ಐಟಿಎಸ್.

ಮೊದಲು ಡಿಎನ್ಎ ತೆಗೆಯಬೇಕಲ್ವಾ? ಸಿಲಿಕಾ ಜೆಲ್‌ನಲ್ಲಿ ಒಣಗಿಸಿದ ಎಲೆ ತಂದಿದ್ದೆ. ರೆಡಿಮೇಡ್ ಕಿಟ್ ಅರ್ಧ ದಿನದಲ್ಲಿ ಕೆಲಸ ಮುಗಿಸಿತು, ಆದರೆ ಬಂದ ಡಿಎನ್ಎ ತೀರಾ ಕಡಿಮೆ. ಸಿಟಿಎಬಿ ಅನ್ನುವ ಸೋಪಿನಂಥ ರಾಸಾಯನಿಕ ಬಳಸುವ ಹಳೇ ವಿಧಾನದಲ್ಲಿ 65 ಡಿಗ್ರಿಯಲ್ಲಿ ಬೇಯಿಸಿ, ಕ್ಲೋರೋಫಾರ್ಮ್ ಹಾಕಿ ತಿರುಗಿಸಿದರೆ ಜಾಸ್ತಿ ಬರುತ್ತದೆ. ಜೊತೆಗೆ ಲೋಳೆಯೂ ಬರುತ್ತದೆ. ನನ್ನ ಮೊದಲ ಟ್ಯೂಬಿನ ತಳದಲ್ಲಿ ಇದ್ದದ್ದು ಬೆಲ್ಲದ ಪಾಕದಂಥ ಕಂದು ಅಂಟು, ಪಿಪೆಟ್ಟಿಗೇ ಹತ್ತಲಿಲ್ಲ. ಕ್ಲೋರೋಫಾರ್ಮ್ ಎರಡು ಸಲ ಮಾಡಿ, ಉಪ್ಪು ಹೆಚ್ಚಿಸಿದ ಮೇಲೆ ಸರಿಯಾಯಿತು. ನನ್ನ ಓಟು ಸಿಟಿಎಬಿಗೇ.

ಆರ್‌ಬಿಸಿಎಲ್ ಒಳ್ಳೇ ಹುಡುಗ. ಪ್ರತಿ ಸಲ ಪಿಸಿಆರ್, ಅಂದರೆ ತುಣುಕಿನ ನಕಲು ಮಾಡುವ ಕೆಲಸ, ಆಯಿತು, ಡಿಎನ್ಎ ಅಕ್ಷರಗಳ ಓದೂ ಸ್ವಚ್ಛ. ಆದರೆ ಬದಲಾಗುವುದೇ ನಿಧಾನ. ಕರಿಜಾಲಿಗೂ ಮರಳುದಿಣ್ಣೆಯ ಕುರುಚಲು ಜಾಲಿಗೂ ಬಂದ ಓದು ಅಕ್ಷರಶಃ ಒಂದೇ! ಮ್ಯಾಟ್‌ಕೆ ಹೆಚ್ಚು ವ್ಯತ್ಯಾಸ ತೋರಿಸುತ್ತದೆ, ಆದರೆ ನಕಲು ಶುರುಮಾಡುವ ಚಿಕ್ಕ ಡಿಎನ್ಎ ಚೂರು, ಅಂದರೆ ಪ್ರೈಮರ್, ಅದರ ಮೇಲೆ ಕೂರಬೇಕಲ್ಲ. ಮೂರು ಜೊತೆ ಬದಲಿಸಿ ನೋಡಿ ಸುಮ್ನೆ ಬಿಟ್ಟೆ.

ಐಟಿಎಸ್ ಆ ಎರಡು ಜಾಲಿಗಳನ್ನು ಸಲೀಸಾಗಿ ಬೇರೆ ಮಾಡಿತು. ಅದರ ಆಟ ಬೇರೆ. ಒಂದು ಬನ್ನಿ ಎಲೆಯ ಓದನ್ನು ಡಿಎನ್ಎ ಓದುಗಳ ಸಾರ್ವಜನಿಕ ಸಂಗ್ರಹವಾದ ಜೆನ್‌ಬ್ಯಾಂಕ್‌ಗೆ ಹಾಕಿದರೆ ಅದು ಹೇಳಿದ್ದು ಆಲ್ಟರ್ನೇರಿಯಾ, ಅಂದರೆ ಶಿಲೀಂಧ್ರ. ಎಲೆಯೊಳಗೆ ಬೂಸ್ಟು ಇತ್ತು, ನಾನು ಬಳಸಿದ ಸಾಮಾನ್ಯ ಪ್ರೈಮರ್‌ಗೆ ಅದೂ ಒಂದೇ, ಗಿಡವೂ ಒಂದೇ. ಒಂದು ವಾರ, ಸೀಕ್ವೆನ್ಸಿಂಗ್ ದುಡ್ಡು ಎರಡೂ ಹೋದವು. ಗಿಡಕ್ಕೆ ಮಾತ್ರ ಹತ್ತುವ ಪ್ರೈಮರ್ ತರಿಸಿ, ಎಳೆ ಎಲೆ ಆರಿಸಿದ ಮೇಲೆ ತೊಂದರೆ ಬರಲಿಲ್ಲ.

ಹಾಗಂತ ಐಟಿಎಸ್ ಒಂದನ್ನೇ ನಂಬುವುದಿಲ್ಲ. ಆರ್‌ಬಿಸಿಎಲ್ ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟಿನದು, ಹೆಚ್ಚಿನ ಗಿಡಗಳಲ್ಲಿ ತಾಯಿಯಿಂದ ಮಾತ್ರ ಬರುತ್ತದೆ. ಐಟಿಎಸ್ ತಂದೆ ತಾಯಿ ಇಬ್ಬರದೂ. ಎರಡೂ ಬೇರೆ ಬೇರೆ ನೆಂಟಸ್ತಿಕೆ ಹೇಳಿದರೆ ಬೆರಕೆಯ ಅನುಮಾನ ಬರುತ್ತದೆ. ಹಾಗಾಗಿ ಈಗ ಪ್ರತಿ ಗಿಡಕ್ಕೂ ಇವೆರಡನ್ನೇ ಮಾಡಿಸುತ್ತೇನೆ. ಮ್ಯಾಟ್‌ಕೆ ಪ್ರೈಮರ್‌ಗಳು ಫ್ರೀಜರ್‌ನಲ್ಲೇ ಇವೆ, ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.